ಪಹಣಿಯ ಖರಾಬು, ನಿಘಂಟಿನ ವೇಸ್ಟ್

(ಮಲೆನಾಡಿನ ರೈತರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲೆ ಬಿದ್ದ ಮಳೆ ಘಟ್ಟದಲ್ಲೇ ನಿಲ್ಲುವುದಿಲ್ಲ. ತಲಕಾವೇರಿಯಿಂದ ಇಳಿಯುವ ಕಾವೇರಿ, ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ, ಕೊಡಗಿನ ದಕ್ಷಿಣದಿಂದ ಬರುವ ಲಕ್ಷ್ಮಣತೀರ್ಥ, ಈ ಮೂರೂ ಕೊನೆಗೆ ಸೇರುವುದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ. ಹೇಮಾವತಿ ಕೃಷ್ಣರಾಜಪೇಟೆ ತಾಲ್ಲೂಕನ್ನು ಹಾದು ಬರುತ್ತದೆ. ಅದರ ಪೂರ್ವಕ್ಕೆ ಲೋಕಪಾವನಿ ಎಂಬ ಚಿಕ್ಕ ಹೊಳೆಯೊಂದು ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರವನ್ನು ದಾಟಿ, ಶ್ರೀರಂಗಪಟ್ಟಣದ ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಕೂಡುತ್ತದೆ. ಹೀಗೆ ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ನೀರಿನ ಲೆಕ್ಕದಲ್ಲಿ ಮಲೆನಾಡಿನ ಕೆಳಮನೆಗಳು. ಅಲ್ಲಿಯ ಬೆಟ್ಟ, ಕೆರೆ, ಹಳ್ಳಗಳ ಕುರಿತು ಕಾಗದಪತ್ರಗಳಲ್ಲಿ ಯಾವ ಮಾತುಗಳು ಬಳಕೆಯಾಗುತ್ತವೆಯೋ ಅವೇ ಮಾತುಗಳು ಇಲ್ಲಿಯ ಗುಡ್ಡ, ಕಾನು, ಬಾಣೆಗಳ ಮೇಲೂ ಬರುತ್ತವೆ. ಆದ್ದರಿಂದ ಆ ಮಾತುಗಳ ಹುಟ್ಟನ್ನು ಒಮ್ಮೆ ವಿಚಾರಿಸುವುದು ಭಾಷಾಶಾಸ್ತ್ರದವರಿಗಷ್ಟೇ ಬಿಟ್ಟ ಕೆಲಸವಲ್ಲ.

ಮೊದಲಿಗೆ ಎಲ್ಲರ ಮನೆಯಲ್ಲೂ ಇರುವ ಪಹಣಿಯನ್ನೇ ತೆಗೆದುಕೊಳ್ಳಬಹುದು. ವಿಸ್ತೀರ್ಣದ ಕಾಲಮ್ಮಿನಲ್ಲಿ ಒಟ್ಟು ಎಕರೆ ಗುಂಟೆ ನಮೂದಾದ ಮೇಲೆ 'ಖರಾಬು' ಎಂದು ಒಂದಿಷ್ಟನ್ನು ಕಳೆದಿರುತ್ತದೆ. ಅದರಲ್ಲಿ ಎರಡು ಬಗೆ. ಸಾಗುವಳಿಗೆ ಒದಗದ ನೆಲ 'ಎ' ಖರಾಬು. ದಾರಿ, ಹಳ್ಳ, ಕೆರೆ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು 'ಬಿ' ಖರಾಬು. ಈ 'ಖರಾಬು' ಅರಬ್ಬಿ ಮೂಲದ ಮಾತು. ಅದರ ಅರ್ಥ ಪಾಳುಬಿದ್ದದ್ದು, ಹಾಳಾದದ್ದು. ಅಂದರೆ ಊರಿಗೆಲ್ಲ ನೀರುಣಿಸುವ ಹಳ್ಳ, ದನಕರು ನಡೆಯುವ ದಾರಿ, ಮಳೆನೀರನ್ನು ತಡೆದು ಕೆಳಗೆ ಬಿಡುವ ಬಂಡೆಗುಡ್ಡ ಎಲ್ಲವೂ ದಾಖಲೆಯಲ್ಲಿ ಮೊದಲೇ ಹಾಳಾಗಿ ಕುಳಿತಿವೆ. ಕಂದಾಯ ಕಟ್ಟದ ನೆಲವೆಲ್ಲ ಹಾಳು ಎಂಬ ಈ ಎಣಿಕೆ ಖಜಾನೆಯ ದೃಷ್ಟಿಯಿಂದ ಸರಿಯಿರಬಹುದು. ಆದರೆ ಹಾಳೆಂದು ಬರೆದಿಟ್ಟದ್ದನ್ನು ಹಾಳುಮಾಡಿದಾಗ ಯಾರಿಗೂ ಏನೂ ನಷ್ಟವಾದಂತೆ ಕಾಣುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಇಂಗ್ಲಿಷಿನವರು ಇದೇ ನೆಲಕ್ಕೆ 'ವೇಸ್ಟ್‌ಲ್ಯಾಂಡ್' ಎಂದರು. 'ವೇಸ್ಟ್' ಎಂಬುದು ಹಳೆಯ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ ಮಾತು. ಅದರ ಬೇರಾದ 'ವಾಸ್ಟಸ್' ಎಂಬುದಕ್ಕೆ ಬರಿದಾದದ್ದು, ಜನರಿಲ್ಲದ್ದು ಎಂಬ ಅರ್ಥಗಳಿದ್ದವು. ವಿಶಾಲವೆಂಬ ಅರ್ಥದ 'ವಾಸ್ಟ್' ಕೂಡ ಅದೇ ಬಳ್ಳಿಯದು. ಮನುಷ್ಯನಿಲ್ಲದ ಬಯಲು ದೊಡ್ಡದಾಗಿ ಕಂಡಿತು, ದೊಡ್ಡದಾದದ್ದು ಬರಿದಾಗಿ ಕಂಡಿತು. ಆ ಬೇರಿನಿಂದಲೇ ಹುಟ್ಟಿದ ಮೂರನೆಯ ಮಾತು 'ಡಿವಾಸ್ಟೇಟ್'. ಸೈನ್ಯವೊಂದು ನುಗ್ಗಿ ನಾಡನ್ನು ಬರಿದುಮಾಡುವುದು ಎಂದು ಅದರ ಅರ್ಥ. ವೇಸ್ಟ್ ಎಂದು ಹೆಸರಿಟ್ಟ ನೆಲಕ್ಕೂ ಡಿವಾಸ್ಟೇಟ್ ಆದ ನೆಲಕ್ಕೂ ನಿಘಂಟಿನಲ್ಲಿ ಇರುವ ಅಂತರ ಒಂದೆರಡು ಅಕ್ಷರ. ಪಾಂಡವಪುರದ ಕಡೆ ಹೋದರೆ ಆ ಅಂತರವನ್ನು ಕಣ್ಣಾರೆ ಕಾಣಬಹುದು.

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಇಂಗ್ಲಿಷರು ಅದನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ಬಂಡೆಯನ್ನೇ ಹೆಸರಾಗಿ ಪಡೆದ ಊರು. ಅದೇ ತಾಲ್ಲೂಕಿನಲ್ಲಿ ಬೇಬಿ ಬೆಟ್ಟವಿದೆ. ಅಲ್ಲಿ ದನಗಳ ಜಾತ್ರೆ ನಡೆಯುವ ವಾಡಿಕೆ ಬಹುಕಾಲದ್ದು. ಬೆಟ್ಟದ ಸುತ್ತಲಿನ ನೆಲಕ್ಕೆ ಜನ ಇಂದಿಗೂ 'ಬೇಬಿ ಬೆಟ್ಟದ ಕಾವಲು' ಎನ್ನುತ್ತಾರೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ದನಗಳ ಮೇವಿಗಾಗಿ ಕಾದಿಟ್ಟ ಹುಲ್ಲುಗಾವಲಿಗೆ ಕಾವಲು ಎಂಬ ಹೆಸರು. 'ಕಾಯು' ಎಂಬ ಅಚ್ಚಗನ್ನಡ ಧಾತುವಿನಿಂದ ಬಂದ ಈ ಮಾತಿಗೆ ಲ್ಯಾಟಿನ್ನಿನಲ್ಲಿ ಸರಿಸಾಟಿಯಾದದ್ದು 'ಸರ್ವಾರೆ', ಅಂದರೆ ಕಾಯು, ಕಾಪಾಡು. ಇಂಗ್ಲಿಷಿನ 'ಕನ್ಸರ್ವ್', 'ರಿಸರ್ವ್', 'ಪ್ರಿಸರ್ವ್' ಎಲ್ಲವೂ ಅದರ ಮಕ್ಕಳು. ಪರಿಸರ ಸಂರಕ್ಷಣೆಯ ಮಾತು ಪಶ್ಚಿಮದಿಂದ ಬಂದಿತೆಂದು ಹೇಳುವವರು ಈ ಕಾವಲು ಎಂಬ ಊರ ಮಾತನ್ನು ಗಮನಿಸಿದಂತಿಲ್ಲ.

ಕಾದ ನೆಲದ ನಡುವಿನ ಆ ಬೆಟ್ಟದಲ್ಲಿಯೇ ಕಲ್ಲುಗಣಿಗಳು ಎದ್ದವು. ಕಲ್ಲುಗಣಿಗೆ ಇಂಗ್ಲಿಷಿನಲ್ಲಿ 'ಕ್ವಾರಿ' ಎನ್ನುತ್ತಾರೆ. ಈ ಮಾತಿನ ಮೂಲ ಲ್ಯಾಟಿನ್ನಿನ 'ಕ್ವಾಡ್ರುಮ್', ಅಂದರೆ ಚೌಕ. ಕಲ್ಲನ್ನು ಚೌಕಟ್ಟಾಗಿ ಸೀಳಿ ತೆಗೆಯುವ ಜಾಗ ಎಂಬುದು ಮೊದಲ ಅರ್ಥ. ಉಳಿ, ಸುತ್ತಿಗೆ, ಬೆಣೆಗಳಿಂದ ಕಲ್ಲುಕುಟಿಗರು ಚಪ್ಪಡಿ ಎಬ್ಬಿಸುತ್ತಿದ್ದ ಕಾಲಕ್ಕೆ ಈ ಹೆಸರು ಒಪ್ಪುತ್ತದೆ. ಇಂಗ್ಲಿಷ್ ನಿಘಂಟಿನಲ್ಲಿ ಇದೇ ಕಾಗುಣಿತದ ಇನ್ನೊಂದು 'ಕ್ವಾರಿ' ಇದೆ. ಅದರ ಅರ್ಥ ಬೇಟೆಗೆ ಸಿಕ್ಕ ಪ್ರಾಣಿ. ಅದರ ಮೂಲ ಬೇರೆ. ಬೇಟೆಯ ಕೊನೆಯಲ್ಲಿ ನಾಯಿಗಳ ಪಾಲನ್ನು ಸತ್ತ ಪ್ರಾಣಿಯ ಚರ್ಮದ ಮೇಲೆ ಹರಡಿ ಹಾಕುತ್ತಿದ್ದುದರಿಂದ ಬಂದ ಫ್ರೆಂಚ್ ಮಾತು ಅದು. ಎರಡಕ್ಕೂ ಸಂಬಂಧವಿಲ್ಲ. ಆದರೂ ಕುಳಿ ಕೊರೆದು, ಮದ್ದು ತುಂಬಿ ಸಿಡಿಸಿ, ಬೆಟ್ಟವನ್ನು ಚೌಕವನ್ನಾಗಲೀ ಚಪ್ಪಡಿಯನ್ನಾಗಲೀ ಉಳಿಸದೆ ಜಲ್ಲಿಪುಡಿಯಾಗಿಸುವ ಈಗಿನ ಕ್ರಷರ್ ಉದ್ಯಮಕ್ಕೆ ಈ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆಂದು ಯಾರಿಗಾದರೂ ತೋರಿದರೆ ಅದು ಅವರ ತಪ್ಪಲ್ಲ.

ಬೆಟ್ಟ ಕಾನೂನಿನ ಪ್ರಕಾರ ಸ್ಥಿರಾಸ್ತಿ. 'ಸ್ಥಿರ' ಎಂಬುದು ಸಂಸ್ಕೃತದ 'ಸ್ಥಾ' ಎಂಬ ನಿಲ್ಲುವ ಧಾತುವಿನದು. ಲ್ಯಾಟಿನ್ನಿನ 'ಸ್ಟಾರೆ', ಇಂಗ್ಲಿಷಿನ 'ಸ್ಟ್ಯಾಂಡ್', 'ಸ್ಟೇಬಲ್' ಇವೆಲ್ಲ ಅದರ ದೂರದ ದಾಯಾದಿಗಳು. ಲಾರಿಗೆ ತುಂಬಿದ ಗಳಿಗೆಯಿಂದ ಈ ಸ್ಥಿರಾಸ್ತಿ ಚರಾಸ್ತಿಯಾಗುತ್ತದೆ. ದಕ್ಷಿಣ ಕರ್ನಾಟಕದ ಹಾಸುಬಂಡೆಯ ಬಹುಭಾಗ 250 ಕೋಟಿ ವರ್ಷಗಳಿಗೂ ಹಳೆಯದು. ಅಷ್ಟು ಕಾಲ ನಿಂತದ್ದು ಚರಾಸ್ತಿಯಾಗಲು ಒಂದು ಪರವಾನಗಿಯ ಅವಧಿ ಸಾಕಾಗುತ್ತದೆ.

ಈ ಬೆಟ್ಟಕ್ಕೂ ಕನ್ನಂಬಾಡಿ ಕಟ್ಟೆಗೂ ದೂರ ಹೆಚ್ಚಿಲ್ಲ. 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರವನ್ನು ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಗಣಿಯ ಸಿಡಿತದಿಂದ ಕಟ್ಟೆಗೆ ಕುತ್ತು ಬಂದೀತೆಂಬ ಆತಂಕ ರೈತರಲ್ಲಿ ಬಹುದಿನಗಳಿಂದ ಇತ್ತು. 2018ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಭಾರಿ ಸದ್ದು ಕೇಳಿಬಂದಾಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಗಣಿಗಳ ಕಡೆ ಬೆರಳು ತೋರಿಸಿತು. 2024ರ ಜನವರಿಯಲ್ಲಿ ರಾಜ್ಯದ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶವಿತ್ತಿತು.

ನಾಶಕ್ಕೆ ಇಂಗ್ಲಿಷಿನಲ್ಲಿ ಅತಿ ಸಾಮಾನ್ಯವಾದ ಮಾತು 'ಡಿಸ್ಟ್ರಾಯ್'. ಇದರ ಒಡಲಲ್ಲಿ 'ಸ್ಟ್ರೂಎರೆ' ಎಂಬ ಲ್ಯಾಟಿನ್ ಧಾತುವಿದೆ. ಪದರದ ಮೇಲೆ ಪದರ ಪೇರಿಸು, ಒಟ್ಟು, ಕಟ್ಟು ಎಂದು ಅದರ ಅರ್ಥ. 'ಸ್ಟ್ರಕ್ಚರ್', 'ಕನ್ಸ್ಟ್ರಕ್ಷನ್' ಕೂಡ ಅದರಿಂದಲೇ ಬಂದವು. ಹಿಂದೆ 'ಡಿ' ಸೇರಿದಾಗ ಪೇರಿಸಿದ್ದನ್ನು ಕೆಡಹು ಎಂದಾಯಿತು. ಹಾಗಾದರೆ ಡಿಸ್ಟ್ರಾಯ್ ಎಂದು ಒಪ್ಪಿಕೊಂಡವನು ಅಲ್ಲಿ ಮೊದಲು ಪೇರಿಸಿದ್ದೇನೋ ಇತ್ತೆಂದೂ ಒಪ್ಪಿದಂತಾಯಿತು. ವೇಸ್ಟ್ ಎಂದವನಿಗೆ ಆ ಬಾಧ್ಯತೆಯಿಲ್ಲ. ಆದಕಾರಣವೇ ಯೋಜನಾ ವರದಿಗಳಲ್ಲಿ ಮೊದಲನೆಯ ಮಾತು ಅಪರೂಪ, ಎರಡನೆಯದು ಯಥೇಚ್ಛ.

ಬಂಡೆಯ ನೆತ್ತಿಯಲ್ಲಿ ಪೇರಿದ್ದೇನು ಎಂಬುದನ್ನು ಕೃಷಿಯ ಕಣ್ಣಿನಿಂದ ನೋಡಬೇಕು. ಬಂಡೆಯ ಸೀಳಿನಲ್ಲಿ ಕಲ್ಲುಹೂ ಮೊದಲು ಹಿಡಿಯುತ್ತದೆ. ಅದು ಸತ್ತ ಪುಡಿಯಲ್ಲಿ ಪಾಚಿ, ಪಾಚಿಯ ಮೇಲೆ ಹುಲ್ಲು, ಹುಲ್ಲಿನ ಬೇರು ಹಿಡಿದ ಧೂಳಿನಲ್ಲಿ ಕಳ್ಳಿ, ತಂಗಡಿ, ಬಂದರಿಕೆ. ಒಂದು ಅಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಹಿಡಿಯುತ್ತದೆ. ಗಣಿಯ ಇಂಜಿನಿಯರಿಂಗ್ ಭಾಷೆಯಲ್ಲಿ ಈ ಮಣ್ಣಿಗೆ 'ಓವರ್‌ಬರ್ಡನ್' ಎಂದು ಹೆಸರು. ಮೇಲಿರುವ ಹೊರೆ ಎಂದರ್ಥ. ಬೇಕಾದ ಕಲ್ಲಿಗೆ ಅಡ್ಡವಾಗಿ ಮಣ್ಣು ಕುಳಿತಿದೆ, ಅದನ್ನು ಎತ್ತಿ ಬಿಸುಡುವುದು ಒಂದು ಖರ್ಚು. ರೈತ ಹೊಟ್ಟೆಗೆ ಹಾಕಿಕೊಂಡು ಕಾಪಾಡುವ ಪದಾರ್ಥ ಇನ್ನೊಬ್ಬನ ಲೆಕ್ಕದಲ್ಲಿ ಹೊರೆ. ಗಣಿ ಮುಗಿದ ಮೇಲೆ 'ರಿಕ್ಲೇಮ್' ಮಾಡುವುದಾಗಿ ಅದೇ ವರದಿಯ ಕೊನೆಯ ಪುಟ ಭರವಸೆ ಕೊಡುತ್ತದೆ. ರಿಕ್ಲೇಮ್ ಎಂದರೆ ಕೂಗಿ ಹಿಂದಕ್ಕೆ ಕರೆ. ಹಾರಿಬಿಟ್ಟ ಬೇಟೆಯ ಗಿಡುಗವನ್ನು ಮತ್ತೆ ಕೈಗೆ ಕರೆಯುವುದಕ್ಕೆ ಮಧ್ಯಯುಗದ ಇಂಗ್ಲಿಷರು ಈ ಮಾತನ್ನು ಬಳಸುತ್ತಿದ್ದರು. ಪಳಗಿದ ಗಿಡುಗ ಕೂಗಿದರೆ ಬರುತ್ತದೆ. ಜಲ್ಲಿಯಾಗಿ ನೂರಾರು ಮೈಲಿ ಹೋದ ಬೆಟ್ಟವನ್ನು ಯಾವ ಕೂಗು ಕರೆದು ತಂದೀತು?

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ನಡೆಯುವ ಯೋಜನೆಗಳ ವರದಿಯ ಸಾರಾಂಶ ಜನರ ಭಾಷೆಯಲ್ಲೂ ಸಿಗಬೇಕು. ಸಣ್ಣ ಗಣಿಗಳೆಂದು ತಪ್ಪಿಸಿಕೊಳ್ಳುತ್ತಿದ್ದ, 5 ಹೆಕ್ಟೇರಿಗೂ ಕಡಿಮೆಯ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಕನ್ನಡದ ಸಾರಾಂಶ ಕೈಗೆ ಬಂದಾಗ ಅದರಲ್ಲಿ 'ಅಧಿಭಾರ', 'ಉಪಶಮನ', 'ಪುನಶ್ಚೇತನ' ಮುಂತಾದ ಮಾತುಗಳು ಸಾಲುಸಾಲಾಗಿ ಇರುವುದುಂಟು. ಇಂಗ್ಲಿಷಿನಲ್ಲಿ ಅರ್ಥವಾಗದ್ದು ಸಂಸ್ಕೃತದಲ್ಲೂ ಅರ್ಥವಾಗದೆ ಉಳಿಯುತ್ತದೆ. ಅಹವಾಲಿಗೆ ಹೋಗುವ ವಿದ್ಯಾರ್ಥಿಗಳು ಅಂಥ ಒಂದೊಂದು ಮಾತಿನ ಮುಂದೆಯೂ ಊರಮಾತಿನ ಹೆಸರನ್ನು ಬರೆದುಕೊಂಡು ಹೋದರೆ ಸಭೆಯ ಅರ್ಧ ಕೆಲಸ ಮುಗಿದಂತೆ.

ಶ್ರೀರಂಗಪಟ್ಟಣಕ್ಕೆ ಬಂದವರಿಗೆ ಕೋಟೆಯ ಕಲ್ಲುಗಳ ನಡುವೆ ಕೇಳಿಸುವ ಮಾತು 'ರೂಯಿನ್ಸ್', ಅಂದರೆ ಹಾಳು ಅವಶೇಷಗಳು. ಲ್ಯಾಟಿನ್ನಿನ 'ರುಎರೆ' ಎಂದರೆ ತಾನಾಗಿ ಕುಸಿ, ಬೀಳು. ರೂಯಿನ್ ಎಂಬ ಮಾತಿನಲ್ಲಿ ಬಿದ್ದದ್ದಷ್ಟೇ ಇದೆ, ಬೀಳಿಸಿದವರಿಲ್ಲ. 'ಡೆಮಾಲಿಷ್' ಹಾಗಲ್ಲ. 'ಮೋಲೆಸ್' ಎಂದರೆ ಭಾರಿ ಕಟ್ಟಡ, ಅದನ್ನು ಕೆಡಹುವ ಕೆಲಸಕ್ಕೆ ಡೆಮಾಲಿಷ್ ಎಂದು ಹೆಸರು. ಆ ಕೆಲಸಕ್ಕೆ ಕೈಗಳು ಬೇಕು. 1799ರ ಮೇ 4ರಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೋಟೆಯ ಗೋಡೆಯನ್ನು ಫಿರಂಗಿಯಿಂದ ಒಡೆದು ಒಳನುಗ್ಗಿತು. ಒಡೆದ ಆ ಜಾಗದ ಹೆಸರು 'ಬ್ರೀಚ್'. ಒಡೆಯುವುದಕ್ಕೆ ಹೇಳುವ 'ಬ್ರೇಕ್' ಎಂಬುದರ ಒಡಹುಟ್ಟು ಅದು. ಟಿಪ್ಪುವಿನ ಅರಮನೆ ಮುಂದಿನ ದಶಕಗಳಲ್ಲಿ ತಾನಾಗಿ ಕುಸಿದು ಮಣ್ಣಾಗಲಿಲ್ಲ. ಅದನ್ನು ಬಿಚ್ಚಿ ತೆಗೆದರು. ಅದರ ತೊಲೆ ಮರಮುಟ್ಟುಗಳನ್ನು ಘಟ್ಟ ಹತ್ತಿಸಿ ಊಟಿಯಲ್ಲಿ 1830ರ ಸುಮಾರಿಗೆ ಕಟ್ಟಿದ ಸೇಂಟ್ ಸ್ಟೀಫನ್ಸ್ ಇಗರ್ಜಿಗೆ ಬಳಸಿದರು. ಆ ಇಗರ್ಜಿ ಇಂದಿಗೂ ಇದೆ. ಹೀಗಿರುವಾಗ ರೂಯಿನ್ ಎಂಬ ಹೆಸರು ಬಿದ್ದ ಕಲ್ಲಿಗೆ ಒಪ್ಪಿದರೂ ನಡೆದ ಸಂಗತಿಗೆ ಒಪ್ಪುವುದಿಲ್ಲ.

ಈ ವ್ಯತ್ಯಾಸ ತಿಳಿಯಲು ಲ್ಯಾಟಿನ್ನಿಗೆ ಹೋಗಬೇಕಾದ ಅಗತ್ಯವೇನೂ ಇಲ್ಲ. ಕನ್ನಡದಲ್ಲಿ 'ಕೆಡು' ಬೇರೆ, 'ಕೆಡಿಸು' ಬೇರೆ. 'ಕೆರೆ ಹಾಳಾಯಿತು' ಎನ್ನುವುದಕ್ಕೂ 'ಕೆರೆಯನ್ನು ಹಾಳುಮಾಡಿದರು' ಎನ್ನುವುದಕ್ಕೂ ಇರುವ ಭೇದ ಮೂರನೆಯ ತರಗತಿಯ ಮಗುವಿಗೂ ಗೊತ್ತು. ಆದರೂ ಪತ್ರಿಕೆ, ವರದಿ, ಭಾಷಣ ಎಲ್ಲೆಡೆ ಹಳ್ಳ ಬತ್ತುತ್ತದೆ, ಕಾಡು ಕರಗುತ್ತದೆ, ಗುಡ್ಡ ಕುಸಿಯುತ್ತದೆ, ಅಂತರ್ಜಲ ಕುಸಿಯುತ್ತದೆ. ಪರಿಸರ ಹೋರಾಟದವರು ಬರೆದ ಕರಪತ್ರಗಳೂ ಇದಕ್ಕೆ ಹೊರತಾಗಿಲ್ಲ. ಕರ್ತೃವಿಲ್ಲದ ಈ ವಾಕ್ಯಗಳಿಗೆ ಸ್ವಲ್ಪ ಕಡಿವಾಣ ಬೇಕು. ಗುಡ್ಡ ತಾನಾಗಿ ಜಾರುವುದೂ ಉಂಟು, ಮಲೆನಾಡಿನವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಬುಡ ಕಡಿದು ರಸ್ತೆ ಮಾಡಿದ ಮೇಲೆ ಜಾರಿದ ಗುಡ್ಡಕ್ಕೂ ಅದೇ ಕ್ರಿಯಾಪದವನ್ನು ಹಚ್ಚುವುದು ಸರಿಯಲ್ಲ.

ಕಂದಾಯ ದಾಖಲೆಯ ಮತ್ತೊಂದು ಮಾತು 'ಬೇಚಿರಾಕ್'. ಜನವಸತಿಯಿಲ್ಲದ ಗ್ರಾಮವನ್ನು ಬೇಚಿರಾಕ್ ಗ್ರಾಮವೆಂದು ಬರೆಯುತ್ತಾರೆ. ಪಾರಸಿಯ 'ಬೇ' ಎಂದರೆ ಇಲ್ಲದ, 'ಚಿರಾಗ್' ಎಂದರೆ ದೀಪ. ದೀಪವಿಲ್ಲದ ಊರು. ಸಂಜೆ ಯಾವ ಮನೆಯಲ್ಲೂ ಬೆಳಕು ಕಾಣದ ಊರನ್ನು ದೂರದಿಂದ ಕಂಡ ಯಾವನೋ ಸವಾರ ಇಟ್ಟ ಹೆಸರಿನಂತಿದೆ. ದಫ್ತರಿನ ಮಾತುಗಳಲ್ಲಿ ಇಷ್ಟು ಮರುಕವುಳ್ಳದ್ದು ಇನ್ನೊಂದು ಸಿಕ್ಕುವುದು ಕಷ್ಟ. ಜೀವಸಂಕುಲದ ಅಳಿವಿಗೆ ಇಂಗ್ಲಿಷಿನಲ್ಲಿ ಹೇಳುವ 'ಎಕ್ಸ್ಟಿಂಕ್ಟ್' ಎಂಬ ಮಾತೂ ಇದೇ ಚಿತ್ರವನ್ನು ಒಳಗೊಂಡಿದೆ. ಬೆಂಕಿ ನಂದಿಸುವುದಕ್ಕೆ ಬಳಸುವ 'ಎಕ್ಸ್ಟಿಂಗ್ವಿಷ್' ಅದರ ಇನ್ನೊಂದು ರೂಪ. ಎಕ್ಸ್ಟಿಂಕ್ಟ್ ಆದ ಪ್ರಾಣಿ ಎಂದರೆ ಆರಿಹೋದ ದೀಪ. ಮನೆತನ ಮುಗಿದರೆ 'ದೀಪ ಹಚ್ಚುವವರಿಲ್ಲ' ಎನ್ನುವ ಹಳ್ಳಿಯ ಹೆಂಗಸಿನ ಮಾತಿಗೂ ಪಾರಸಿಯ ಗುಮಾಸ್ತನ ಮಾತಿಗೂ ಲ್ಯಾಟಿನ್ ಪಂಡಿತನ ಮಾತಿಗೂ ಪರಸ್ಪರ ಗುರುತಿಲ್ಲ. ಮೂವರಿಗೂ ಅಳಿವು ಕಂಡದ್ದು ಒಂದೇ ತೆರನಾಗಿ.

ಕನ್ನಂಬಾಡಿ ಕಟ್ಟೆ ತುಂಬಿದಾಗ ಹೀಗೆ ದೀಪ ಆರಿದ ಊರುಗಳಲ್ಲಿ ಹಳೆಯ ಕನ್ನಂಬಾಡಿಯೇ ಒಂದು. ಅದರ ಹೆಸರನ್ನು ಕಟ್ಟೆ ಹೊತ್ತುಕೊಂಡಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ದಶಕಗಳ ಕಾಲ ನೀರಿನಲ್ಲಿದ್ದು, ಬರದ ವರ್ಷಗಳಲ್ಲಿ ಮಾತ್ರ ಮೈದೋರುತ್ತಿತ್ತು. ಬಳಿಕ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಗುಡಿಯನ್ನು ಹೀಗೆ ಬಿಚ್ಚಿ ಕಟ್ಟಬಹುದು. ಗದ್ದೆಯ ಮಣ್ಣನ್ನು, ತೋಪನ್ನು, ಊರಬಾವಿಯ ಜಲವನ್ನು ಹಾಗೆ ತರಲಾಗದು. 124.8 ಅಡಿ ನೀರು ನಿಂತಾಗ ಮಂಡ್ಯದ ಬಯಲಿಗೆ ಬರುವ ಸೊಂಪನ್ನು ಅಲ್ಲಗಳೆಯುವಂತಿಲ್ಲ. ಆ ಸೊಂಪಿನಡಿಯಲ್ಲಿ ಬೇಚಿರಾಕ್ ಆದ ಊರುಗಳಿವೆ ಎಂಬುದನ್ನು ಮರೆಯುವಂತೆಯೂ ಇಲ್ಲ.

ಪ್ರಾಣಿಗಳ ವಿಷಯದಲ್ಲಿ ಇಂಥದೇ ಮಾತು 'ಎಕ್ಸ್ಟರ್ಮಿನೇಟ್'. 'ಟರ್ಮಿನಸ್' ಎಂದರೆ ಎಲ್ಲೆ. ಎಲ್ಲೆಯ ಆಚೆಗೆ ಓಡಿಸು ಎಂಬುದು ಮೊದಲ ಅರ್ಥವಾಗಿತ್ತು, ನಿರ್ಮೂಲ ಮಾಡು ಎಂಬುದು ಆಮೇಲಿನದು. ಓಡಿಸಲು ಆಚೆಯೊಂದು ಇರುವವರೆಗೆ ಅದು ಗಡೀಪಾರು, ಆಚೆಯೇ ಇಲ್ಲದಾಗ ಕೊಲೆ. ಬ್ರಿಟಿಷ್ ಆಡಳಿತ ತೋಳವನ್ನು 'ವರ್ಮಿನ್' ಪಟ್ಟಿಗೆ ಸೇರಿಸಿ ಕೊಂದವರಿಗೆ ಇನಾಮು ಕೊಡುತ್ತಿತ್ತು. ವರ್ಮಿನ್‌ನ ಮೂಲ 'ವರ್ಮಿಸ್', ಅಂದರೆ ಹುಳು. ತೋಳ ಕಾಗದದಲ್ಲಿ ಹುಳುವಾಯಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸುತ್ತಲಿನ ಕುರುಚಲು ಗುಡ್ಡಗಳನ್ನು 1974ರಲ್ಲಿ ವನ್ಯಧಾಮವೆಂದು ಘೋಷಿಸಿದ್ದು ಮುಖ್ಯವಾಗಿ ಆ ತೋಳಕ್ಕಾಗಿಯೇ. ಕುರುಚಲು ಕಾಡೆಂದರೆ ವೇಸ್ಟ್ ಎಂದು ತಿಳಿದಿದ್ದ ಕಾಲದಲ್ಲಿ ಇಂಥ ಘೋಷಣೆ ಬಂದದ್ದು ದೊಡ್ಡ ಸಂಗತಿ.

ಇನ್ನು ಶಾಶ್ವತದ ಮಾತುಗಳು. ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುವುದು 'ಪರ್ಮನೆಂಟ್'. ಹುಡುಗನ ಕೆಲಸ ಪರ್ಮನೆಂಟ್ ಆಯಿತೆಂದರೆ ಮದುವೆಯ ಮಾತು ಎದ್ದಿತೆಂದೇ ಲೆಕ್ಕ. 'ಪರ್' ಎಂದರೆ ಕೊನೆತನಕ, 'ಮನೇರೆ' ಎಂದರೆ ಉಳಿ, ತಂಗು. 'ರಿಮೇನ್' ಮತ್ತು 'ಮ್ಯಾನ್ಶನ್' ಇದರ ಬಂಧುಗಳು. ಉಳಿಯುವ ಜಾಗವೇ ಮನೆ. ಇದು ಸುಮ್ಮನೆ ಕುಳಿತ ಮಾತು. ಇದರಲ್ಲಿ ದುಡಿಮೆ ಕಾಣಿಸುವುದಿಲ್ಲ. ದುಡಿಮೆ ಕಾಣುವುದು 'ಮೇಂಟೇನ್' ಮತ್ತು 'ಸಸ್ಟೇನ್' ಎಂಬ ಎರಡರಲ್ಲಿ. ಎರಡರ ಒಳಗೂ 'ಹಿಡಿ' ಎಂಬರ್ಥದ 'ಟೆನೇರೆ' ಇದೆ. ಕೈಯಲ್ಲಿ ಹಿಡಿದಿರುವುದು ಮೇಂಟೇನ್. ಕೆಳಗಿನಿಂದ ಎತ್ತಿ ಹಿಡಿದಿರುವುದು ಸಸ್ಟೇನ್. ಗೇಣಿದಾರನಿಗೆ ಇಂಗ್ಲಿಷಿನಲ್ಲಿ ಹೇಳುವ 'ಟೆನೆಂಟ್' ಕೂಡ ಇದೇ ಟೆನೇರೆಯಿಂದ ಬಂದದ್ದು, ನೆಲವನ್ನು ಹಿಡಿದವನು ಎಂದು. ಹಿಡಿದ ಕೈ ಸಡಿಲಿದರೆ ಬೀಳುತ್ತದೆ ಎಂಬ ಎಚ್ಚರ ಈ ಮಾತುಗಳಲ್ಲಿ ಇದೆ.

'ಸಸ್ಟೇನಬಲ್ ಡೆವಲಪ್‌ಮೆಂಟ್' ಎಂಬುದು 1987ರ ಬ್ರುಂಟ್‌ಲ್ಯಾಂಡ್ ಆಯೋಗದ ವರದಿಯಿಂದ ಜಗತ್ತಿಗೆಲ್ಲ ಪರಿಚಿತವಾಯಿತು. ಆದರೆ ಈ ವಿಚಾರಕ್ಕೆ ಜರ್ಮನ್ ಭಾಷೆಯಲ್ಲಿ ಮಾತು ಸಿಕ್ಕಿದ್ದು 1713ರಲ್ಲಿ. ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬವನು ಕಾಡುಕೃಷಿಯ ಕುರಿತು ಆ ವರ್ಷ ಒಂದು ಗ್ರಂಥ ಬರೆದ. ಕಡಿದಷ್ಟನ್ನು ಬೆಳೆಸುತ್ತ ಕಾಡನ್ನು ನಿರಂತರ ಉಳಿಸಿಕೊಳ್ಳಬೇಕೆಂಬುದು ಅವನ ವಾದ. ಅವನೇನೂ ಕಾಡಿನ ಸಾಧುವಲ್ಲ. ಸ್ಯಾಕ್ಸನಿಯ ಗಣಿ ಇಲಾಖೆಯ ಅಧಿಕಾರಿ. ಬೆಳ್ಳಿಯ ಗಣಿಗೂ ಕುಲುಮೆಗೂ ಸೌದೆ ಮರ ಸಾಲದಾದಾಗ ಅವನಿಗೆ ಈ ಬುದ್ಧಿ ಹೊಳೆಯಿತು. ಇಂದು ಗಣಿ ಕಂಪನಿಗಳ ಹೊಳಪು ಕಾಗದದ ಪುಸ್ತಿಕೆಗಳಲ್ಲಿ ಈ ಮಾತನ್ನು ಕಂಡು ನಗುವವರು ಅದು ಗಣಿಯಲ್ಲೇ ಹುಟ್ಟಿದ್ದೆಂಬುದನ್ನೂ ತಿಳಿದಿರಬೇಕು. ಮರ ಮತ್ತೆ ಬೆಳೆಯುತ್ತದೆಂದು ಅವನಿಗೆ ಗೊತ್ತಿತ್ತು. ಬೆಳ್ಳಿ ಬೆಳೆಯುತ್ತದೆಂದು ಅವನು ಹೇಳಲಿಲ್ಲ.

ಇಂಗ್ಲಿಷಿನಲ್ಲಿ 'ಸಸ್ಟೇನ್' ಎಂಬುದಕ್ಕೆ ಇನ್ನೊಂದು ಬಳಕೆಯಿದೆ. ಅಪಘಾತದ ವರದಿಗಳಲ್ಲಿ 'ಸಸ್ಟೇನ್ಡ್ ಇಂಜುರೀಸ್' ಎಂದು ಬರೆಯುತ್ತಾರೆ. ಗಾಯಗಳನ್ನು ಅನುಭವಿಸಿದ ಎಂದರ್ಥ. ಕೆಳಗಿನಿಂದ ಎತ್ತಿಹಿಡಿಯುವವನೇ ಏಟನ್ನೂ ತಾಳುವವನು. ಸುಸ್ಥಿರ ಅಭಿವೃದ್ಧಿ ಎಂಬ ಕನ್ನಡದ ಮಾತಿಗೆ ಈ ಮಗ್ಗುಲು ಇಲ್ಲ.

ಕೆ.ಆರ್. ಪೇಟೆಯ ಹೊಸಹೊಳಲಿನಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ಗುಡಿ ಇದೆ. ಹೊಯ್ಸಳರ ಇತರ ಗುಡಿಗಳಂತೆ ಬಳಪದ ಕಲ್ಲಿನದು. ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಗಡುಸಾಗುವುದು ಈ ಕಲ್ಲಿನ ಗುಣ. ಲ್ಯಾಟಿನ್ನಿನ 'ಡುರಾರೆ' ಎಂಬ ಕ್ರಿಯಾಪದಕ್ಕೆ ಗಟ್ಟಿಯಾಗು, ಬಾಳು ಎಂಬ ಎರಡು ಅರ್ಥಗಳೂ ಇದ್ದವು. 'ಡ್ಯೂರಬಲ್' ಅದರಿಂದ ಬಂದದ್ದು. ಕಲ್ಲಿನ ಕೆಲಸವೂ ಬಾಳಬಹುದೆಂಬುದಕ್ಕೆ ಆ ಗುಡಿ ಸಾಕ್ಷಿ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆಯೂ ಸಾಕ್ಷಿ. ಕಲ್ಲು ತೆಗೆಯುವುದೇ ಪಾಪವೆಂದು ಯಾರೂ ಹೇಳುತ್ತಿಲ್ಲ. ಎಷ್ಟು ತೆಗೆದರು, ತೆಗೆದದ್ದು ಎಷ್ಟು ಕಾಲ ಬಾಳಿತು ಎಂಬ ಲೆಕ್ಕ ಬೇಕು.

ಶಾಶ್ವತಕ್ಕೆ ಶಾಸನಗಳ ಕನ್ನಡದಲ್ಲಿ 'ಆಚಂದ್ರಾರ್ಕ' ಎಂಬ ಮಾತಿದೆ, ಚಂದ್ರ ಸೂರ್ಯರಿರುವ ತನಕ ಎಂದು. ದಾನಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರನ್ನೂ ಎಷ್ಟೋ ಕಡೆ ಕರುವಿಗೆ ಹಾಲೂಡುವ ಹಸುವನ್ನೂ ಕೆತ್ತಿರುತ್ತಾರೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಕನ್ನಂಬಾಡಿಯ ಬಳಿ ಅಣೆಕಟ್ಟೆಗೆಂದು ಬರೆಸಿದ ಪಾರಸಿ ಶಾಸನವನ್ನು ಇಂದಿಗೂ ಕಟ್ಟೆಯ ಬಳಿ ಕಾಣಬಹುದು. ಆ ನೀರಿನಿಂದ ಹೊಸದಾಗಿ ಸಾಗುವಳಿಗೆ ಬಂದ ನೆಲ ಭೂಮಿ ಆಕಾಶಗಳಿರುವ ತನಕ ರೈತನ ವಂಶದಲ್ಲೇ ಉಳಿಯಬೇಕು, ಅಡ್ಡಿಮಾಡಿದವನು ಮನುಷ್ಯಕುಲದ ವೈರಿ ಎಂಬುದು ಅದರ ಸಾರಾಂಶ. ಮತ ಬೇರೆ, ಭಾಷೆ ಬೇರೆ, ಶಾಪದ ಧಾಟಿ ಮಾತ್ರ ಹೊಯ್ಸಳ ಶಾಸನದ್ದೇ.

ಆದರೆ ನಮ್ಮ ಹಿಂದಿನವರು ಚಂದ್ರ ಸೂರ್ಯರ ಮೇಲೆಯೇ ಭಾರ ಹಾಕಿ ಕೂರಲಿಲ್ಲ. ಕೆರೆ ಕಟ್ಟಿಸಿದವನು ಅದರ ದುರಸ್ತಿಗೆಂದು ನೆಲ ಬಿಡುತ್ತಿದ್ದ. ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಅದಕ್ಕೆ ಹೆಸರು. ಹೂಳು ಹೊರುವ ಬಂಡಿಗೆಂದು, ಬಂಡಿಯ ಕೋಣಗಳಿಗೆಂದು ದಾನ ಬಿಟ್ಟ ಶಾಸನಗಳೂ ಕರ್ನಾಟಕದಲ್ಲಿವೆ. ಆಚಂದ್ರಾರ್ಕ ಎಂಬ ಆಕಾಶದ ಮಾತಿನ ಕೆಳಗೆ ವರ್ಷವರ್ಷ ಹೂಳೆತ್ತುವ ಒಂದು ಬಂಡಿ ಇತ್ತು. ಮೇಂಟೇನ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಯಾವ ನಿಘಂಟಿನಲ್ಲೂ ಇಲ್ಲ.

ನಾಗಮಂಗಲದ ಕೆಂಪು ಜಮೀನುಗಳಲ್ಲಿ ಕಾವೇರಿ ಕಾಲುವೆಯ ಸೊಂಪಿಲ್ಲ. ರಾಗಿ, ಹುರುಳಿ, ತೆಂಗು, ಕೆರೆಯ ಹಿಂದೆ ಒಂದಿಷ್ಟು ಗದ್ದೆ. ಒಂದು ಕೆರೆಯ ಕೋಡಿ ಹರಿದು ಕೆಳಗಿನದಕ್ಕೆ ಸೇರುವ ಸರಣಿಯಲ್ಲಿ ಮೇಲಿನ ಗುಡ್ಡವೇ ಮೊದಲ ಕೆರೆ. ಗುಡ್ಡದ ಮಣ್ಣು ಕಿತ್ತುಬಂದರೆ ಕೆರೆಯಲ್ಲಿ ಹೂಳು. ಮಣ್ಣಿನ ಸವಕಳಿಗೆ ಇಂಗ್ಲಿಷಿನಲ್ಲಿ 'ಇರೋಷನ್', ಅಂದರೆ ಕಡಿದು ತಿನ್ನುವುದು. ಇಲಿ ಹೆಗ್ಗಣಗಳ ಜಾತಿಯಾದ 'ರೋಡೆಂಟ್' ಅದೇ ಧಾತುವಿನದು. ರೈತ ಅದನ್ನು ಕೊರಕಲು ಎನ್ನುತ್ತಾನೆ. ಊರಿನ ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿ ಕೆರೆಯ ಏರಿಯಲ್ಲಿ ಹೆಗ್ಗಣದ ಬಿಲ ಕಂಡರೆ ಅಂದೇ ಮುಚ್ಚುತ್ತಿದ್ದ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಹುಟ್ಟಿನಿಂದ ಬಂದ ಚಾಕರಿ ತೊಲಗಿದ್ದು ನ್ಯಾಯವೇ ಆಯಿತು. ಆ ಚಾಕರಿಯವನು ಮಾಡುತ್ತಿದ್ದ ಕೆಲಸವನ್ನು ಮಾತ್ರ ಯಾರಿಗೂ ಸರಿಯಾಗಿ ವಹಿಸಲಿಲ್ಲ. ಕೆರೆಯ ಕೈ ಬಿಟ್ಟುಹೋಯಿತು.

ಮತ್ತೆ ಪಹಣಿಗೆ ಬಂದರೆ, ಖರಾಬು ಕಳೆದ ಮೇಲೆ ಅದೇ ಕಾಲಮ್ಮಿನ ಕೆಳಗೆ ಉಳಿದ ವಿಸ್ತೀರ್ಣ ಬರೆದಿರುತ್ತದೆ. ಉಳಿದದ್ದು, ಅಂದರೆ ಮನೇರೆ, ಅಂದರೆ ಪರ್ಮನೆಂಟ್. ಗುಡ್ಡ, ಹಳ್ಳ, ಕೆರೆ, ದಾರಿಗಳನ್ನು ಕಳೆದು ಉಳಿದದ್ದು ಎಷ್ಟೆಂದು ಗುಂಟೆ ಲೆಕ್ಕದಲ್ಲಿ ಅಲ್ಲಿ ನಮೂದಾಗಿದೆ. ವಿದ್ಯಾರ್ಥಿಗಳು ತಂತಮ್ಮ ಊರಿನ ಬಿ ಖರಾಬಿನ ಸರ್ವೆ ನಂಬರುಗಳನ್ನು ಗ್ರಾಮ ನಕಾಶೆಯೊಡನೆ ಹಿಡಿದುಕೊಂಡು ಒಂದು ಬೇಸಿಗೆ ಓಡಾಡಿದರೆ, ನಕಾಶೆಯಲ್ಲಿರುವ ಯಾವ ಹಳ್ಳ ನೆಲದ ಮೇಲೆ ಇಲ್ಲ, ಅದು ಬತ್ತಿತೋ ಬತ್ತಿಸಲಾಯಿತೋ ಎಂಬುದು ತಿಳಿದುಬರುತ್ತದೆ. ನಕಾಶೆಯ ಪ್ರತಿ ತಾಲ್ಲೂಕು ಕಚೇರಿಯ ಭೂಮಾಪನ ಶಾಖೆಯಲ್ಲಿ ಸಿಗುತ್ತದೆ.